ತುತ್ಮೋಸನ ಬಾಯಲ್ಲಿ ಕೈರೋ ನಾಲಿಗೆ

ಉಚ್ಚಾರ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೂರು ಸಾವಿರದ ನಾನೂರು ವರ್ಷಗಳ ಹಿಂದೆ ತೀರಿಕೊಂಡ ಈಜಿಪ್ಟಿನ ಮೂರನೆಯ ತುತ್ಮೋಸ್ ದೊರೆ ಕೈರೋದವರಂತೆ ಮಾತನಾಡುತ್ತಿದ್ದನೆಂದು ತಮ್ಮ ಸಮಿತಿ ಪತ್ತೆ ಹಚ್ಚಿದ್ದಕ್ಕೆ ಅಭಿನಂದನೆಗಳು. ಅದೇ ಪಾಂಡಿತ್ಯದ ಬಲದಿಂದ ನನ್ನ ಮಗಳನ್ನು ತಾವೇ ನಡೆಸುವ ಪ್ರವಾಸಿ ಗೈಡ್ ಪರೀಕ್ಷೆಯಲ್ಲಿ ಅನುತ್ತೀರ್ಣಗೊಳಿಸಿದ್ದೀರಿ. ಈ ಪತ್ರ ಅದಕ್ಕಾಗಿ.

ದೊರೆಯನ್ನು ಹೂಳಿದ್ದು ನಮ್ಮ ಲಕ್ಸರ್‌ನ ಬೆಟ್ಟದಲ್ಲಿ. ಆಗ ಕೈರೋ ಎಂಬ ಊರೇ ಇರಲಿಲ್ಲ. ಆದರೂ ದೊರೆಯ ಕಥೆ ಹೇಳುವ ಚಾರಿತ್ರಿಕ ವಿಡಿಯೊ ಗೇಮ್ ಸರಣಿಯ ಹೊಸ ಭಾಗಕ್ಕೆ ಅರಬ್ಬಿ ದನಿ ಕೊಡಿಸುವಾಗ, ನಮ್ಮಂಥ ದಕ್ಷಿಣದವರ ಮಾತು ದೊರೆಯ ಘನತೆಗೆ ಕುಂದು ಎಂದು ತಾವು ಷರಾ ಬರೆದಿರಿ. ಇಪ್ಪತ್ತೆರಡು ವರ್ಷ ನಾಟಕವಾಡಿದ ನಾನು ದೊರೆಯ ಪಾತ್ರ ಕೇಳಲು ಹೋಗಿ ಗೋರಿಗಳ್ಳನ ಪಾತ್ರ ಪಡೆದು ಬಂದೆ. ಸಿಕ್ಕಿತಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಆ ತಪ್ಪು ನನ್ನದೇ.

ಆಟ ಮನೆಗೂ ಬಂತು. ಕಣ್ಣು ಕಾಣದ ನನ್ನ ತಾಯಿ ಹಜ್ಜಾ ಬಖೀತಾ ಗೋಡೆಗೊರಗಿ ಕೇಳಿಸಿಕೊಂಡರು. ತುತ್ಮೋಸ್ ಗುಡುಗುತ್ತಿದ್ದ, ಕಳ್ಳ ಅಂಗಲಾಚುತ್ತಿದ್ದ.

"ಈ ಕೈರೋ ಸಾಹೇಬ ನಮ್ಮ ರಾಜಾಗ ಯಾಕ ಗದರಸ್ತಾನ?" ಎಂದರು ತಾಯಿ. "ಅವನ ಗೋರಿಗೆ ಅವ ಹೋದ್ರ ಇವಂದೇನು ಗಂಟು ಹೋಗ್ತೈತಿ?"

ಕಳ್ಳನೇ ದೊರೆಯೆಂದು ಅವರು ತಿಳಿದದ್ದನ್ನು ನಾವು ತಿದ್ದಲಿಲ್ಲ. ಸಮಿತಿಗಿಂತ ಅವರ ಆಧಾರ ಗಟ್ಟಿಯಾಗಿತ್ತು. ಅವರ ಅಪ್ಪ, ಅಜ್ಜ ಎಲ್ಲರೂ ಆ ಕಳ್ಳನಂತೆಯೇ ಮಾತನಾಡುತ್ತಿದ್ದರು.

ಮಗಳು ಇನ್ಶಿರಾಹ್ ದೊರೆಯ ದಂಡಯಾತ್ರೆಗಳನ್ನೆಲ್ಲ ಕ್ರಮವಾಗಿ ಹೇಳಬಲ್ಲಳು. ಮೌಖಿಕ ಪರೀಕ್ಷೆಯಲ್ಲಿ ಹೇಳಿಯೂ ಹೇಳಿದಳು. ಆದರೆ ಬೆಟ್ಟಕ್ಕೆ ತಮ್ಮಂತೆ 'ಗಬಲ್' ಎನ್ನದೆ ನಮ್ಮಂತೆ 'ಜಬಲ್' ಎಂದಳು. ಕುರಾನ್ ಓದುವಾಗ ತಾವೂ 'ಜಬಲ್' ಎಂದೇ ಓದುತ್ತೀರಲ್ಲವೇ? ಆ ಹೊತ್ತು ತಮ್ಮ ಘನತೆ ಎಲ್ಲಿಗೆ ಹೋಗಿರುತ್ತದೆ? ಪರೀಕ್ಷಕರು ನಕ್ಕು ಅವಳಿಗೆ ಹೇಳಿದರಂತೆ:

"ಆ ಗೇಮಲ್ಲಿ ಗೋರಿ ಕಳ್ಳ ಇದಾನಲ್ಲಮ್ಮ, ಥೇಟ್ ಅವನ ಹಾಗೇ ಮಾತಾಡ್ತೀಯ. ನೀನು ಬಾಯಿ ತೆಗೆದ್ರೆ ಪ್ರವಾಸಿಗರು ಜೇಬು ಮುಟ್ಟಿ ನೋಡ್ಕೋತಾರೆ."

ಆ ಕಳ್ಳ ತನ್ನ ಅಪ್ಪನೆಂದು ಅವಳು ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು ಎಂದು ಮನೆಗೆ ಬಂದು, ನನ್ನ ಮುಖ ನೋಡದೆ ತಿಳಿಸಿದಳು. ಮಾನ್ಯರೇ, ನನಗೆ ಬಹಳ ನೋವಾಯಿತು.

ದೊರೆಯ ದನಿ ತಮಗೇ ಇರಲಿ. ನನ್ನ ಮಗಳನ್ನು ಮತ್ತೆ ಕರೆಯಿರಿ. ಅವಳು ಏನು ಬಲ್ಲಳೆಂಬುದನ್ನು ಅವಳ ಮಾತಿನಲ್ಲೇ ಕೇಳಿ, ಅದಕ್ಕೆ ಅಂಕ ಕೊಡಿ. ನನ್ನ ಬೇಡಿಕೆ ಇಷ್ಟೇ, ಆದರೆ ತಡವಾಗಬಾರದು. ಅವಳೀಗ ಮನೆಯಲ್ಲೂ ತಮ್ಮ ಮಾತನ್ನೇ ರೂಢಿಸಿಕೊಳ್ಳುತ್ತಿದ್ದಾಳೆ. ನಿನ್ನೆ ಅಜ್ಜಿಯ ಬಳಿ ಹೋಗಿ ಕೈರೋದ ಧಾಟಿಯಲ್ಲಿ ಚಹಾ ಬೇಕೇ ಎಂದು ಕೇಳಿದಳು. ನನ್ನ ತಾಯಿ ತಲೆಯ ಮುಸುಕು ಸರಿಪಡಿಸಿಕೊಂಡು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

"ಕುಂದರ್ರಿ," ಎಂದರು. "ನಮ್ಮ ಹುಡುಗಿ ಹೊರಗ ಹೋಗ್ಯಾಳ, ಇನ್ನೇನು ಬರ್ತಾಳ."

ಇಂತಿ,
ತಮ್ಮ ಕಿವಿಗೆ ಒಗ್ಗದ,
ಬದವಿ ಅಬ್ದುಲ್ ಜಲೀಲ್
ಪಶ್ಚಿಮ ದಡ, ಲಕ್ಸರ್