ಅಂಗಳದಲ್ಲಿ ನನಗಿಂತ ಮೊದಲು ಮಾತಾಡಿದ ಜಾಹೀರಾತು

ಜಾಹೀರಾತುಗಳ ಮೇಲೆ ನಿಗಾ ಇಡುವ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಹೆಂಡತಿಗೆ ಇನ್ನು ಹೆಚ್ಚು ದಿನವಿಲ್ಲ ಎಂಬ ಸುದ್ದಿಯನ್ನು ಅವಳಿಗೆ ಹೇಳಿದವನು ನಾನಲ್ಲ, ತಮ್ಮ ಅನುಮತಿ ಪಡೆದ ಒಂದು ಜಾಹೀರಾತು. ಆ ಅಧಿಕಾರವನ್ನು ಅದಕ್ಕೆ ದಯಪಾಲಿಸಿದವರು ಯಾರು?

ನಾನು ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ರಾಜನ ಪಾತ್ರ ಮಾಡಿದವನು. ಮೈಕು ಕೈಕೊಟ್ಟ ದಿನವೂ ಕಟ್ಟಕಡೆಯ ಬೆಂಚಿಗೆ ನನ್ನ ಮಾತು ಮುಟ್ಟುತ್ತಿತ್ತು. ಅಂಥ ಗಂಟಲಿನಿಂದ, ಪಕ್ಕದಲ್ಲೇ ಕೂತವಳಿಗೆ ಒಂದು ವಾಕ್ಯ ಹೇಳಲಾಗಲಿಲ್ಲ. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ತಿಳಿಸಿದ್ದರು. ಇಂದು ಹೇಳೋಣ, ನಾಳೆ ಹೇಳೋಣ ಎಂದು ಹನ್ನೆರಡು ದಿನ ನುಂಗಿಕೊಂಡೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಆ ಕಾಯಿಲೆಯ ಹೆಸರನ್ನು ಫೋನಿನಲ್ಲಿ ಹುಡುಕಿದ್ದೇ ನನ್ನ ತಪ್ಪು. ಗೋಡೆಗೂ ಕಿವಿಯಿದೆ ಎಂದು ಬಲ್ಲೆ. ಜೇಬಿಗೂ ಇದೆಯೆಂದು ಯಾರು ಹೇಳಿದ್ದರು?

ಸಂಜೆ ಕತ್ತಲಾಗುತ್ತಲೇ ದೀಪ ಆರಿಸಿ ಅಂಗಳದಲ್ಲಿ ಕೂರುವುದು ನಮ್ಮಿಬ್ಬರ ಹಳೆಯ ಆಟ. ಹುಳ ಕೂಗಿದರೆ ಯಾವುದೆಂದು ಇಬ್ಬರೂ ಹೇಳಬೇಕು. ಆ ಸದ್ದನ್ನು ಕೇಳಿಸಿಕೊಂಡು ಫೋನು ತೀರ್ಪು ಕೊಡಬೇಕು. ಅಂದು ಹೂಕುಂಡಗಳ ಸಂದಿಯಲ್ಲಿ ಏನೋ ಕಿರ್ರೆಂದಿತು. ಜೀರುಂಡೆ ಎಂದೆ ನಾನು, ಮಿಡತೆ ಎಂದಳು ಅವಳು. ಫೋನು ಎತ್ತಿ ಹಿಡಿದೆ. ತೀರ್ಪಿಗೂ ಮೊದಲು ಜೇನಿನಂಥ ಹೆಣ್ಣುದನಿಯೊಂದು ಆ ಕಾಯಿಲೆಯ ಹೆಸರೆತ್ತಿ, ನಿಮ್ಮ ಸಂಗಾತಿಯ ಕೊನೆಯ ದಿನಗಳು ಮನೆಯಲ್ಲೇ ನೆಮ್ಮದಿಯಾಗಿ ಕಳೆಯಲಿ, ನಮ್ಮ ದಾದಿಯರನ್ನು ಕರೆಯಿರಿ ಎಂದು ಉಲಿಯಿತು.

ಅವಳು ಬೆಚ್ಚಲಿಲ್ಲ. ನನ್ನ ಕೈಯಿಂದ ಫೋನು ತೆಗೆದು ಮಡಿಲಲ್ಲಿ ಬೋರಲು ಹಾಕಿಕೊಂಡಳು.

“ಹನ್ನೆರಡು ದಿನದಿಂದ ನಿಮ್ಮ ಮುಖ ನೋಡ್ತಿದ್ದೀನಿ” ಎಂದಳು. “ಸ್ಟೇಜ್ ಮೇಲೆ ಅಷ್ಟೆಲ್ಲ ಆರ್ಭಟ ಮಾಡ್ತೀರಿ, ಮನೇಲಿ ನಟನೆ ಬರಲ್ಲ ನಿಮಗೆ. ನೀವೇ ಹೇಳ್ತೀರ ಅಂತ ಕಾಯ್ತಿದ್ದೆ ಕಣ್ರೀ.”

ಕಾಯುತ್ತಿದ್ದಳು, ಮಾನ್ಯರೇ! ನನ್ನ ಬಾಯಿಂದ ಬರಲೆಂದು ಕಾಯುತ್ತಿದ್ದಳು.

ತಮ್ಮ ಕಚೇರಿಗೆ ದೂರು ಕೊಟ್ಟೆ. ಜಾಹೀರಾತಿನ ಮೂಲೆಯಲ್ಲಿರುವ ಗುಣಾಕಾರ ಚಿಹ್ನೆ ಒತ್ತಿ ಎಂಬ ಅಪ್ಪಣೆಯಾಯಿತು. ಒತ್ತಿದೆ. ಕಾರಣ ಆಯ್ದುಕೊಳ್ಳಿ ಎಂದಿತು: ‘ಇದು ನನಗೆ ಸಂಬಂಧಿಸಿದ್ದಲ್ಲ.’ ಅದನ್ನು ಒತ್ತಲು ಬೆರಳು ಏಳಲಿಲ್ಲ. ಮರುಸಂಜೆ ಹುಳ ಕೊಲ್ಲುವ ಔಷಧಿಯ ಜಾಹೀರಾತು ಬಂತು. ನಮ್ಮ ಆಟವೂ ಅದರ ಕಿವಿಗೆ ಬಿದ್ದಿತ್ತಲ್ಲ! ಎಂಥ ಕಾಳಜಿ! ಹಿಂದೆಯೇ ಮತ್ತೆ ಅದೇ ದಾದಿಯರು. ಫೋನು ಆರಿಸಿಡಿ ಎನ್ನುವಿರಾ? ಅವಳನ್ನು ಸೇರಿಸಿಕೊಳ್ಳಲು ಹಾಸಿಗೆಯೊಂದು ಖಾಲಿಯಾದರೆ ಆಸ್ಪತ್ರೆಯವರು ಕರೆಯುವುದು ಅದೇ ಫೋನಿಗೆ. ಕೈಮುಗಿದು ಕೇಳುತ್ತೇನೆ, ನಾನು ಎಲ್ಲಿಗೆ ಓಡಲಿ?

ನಮ್ಮಿಬ್ಬರನ್ನು ಆ ವ್ಯಾಪಾರಿಗಳ ಪಟ್ಟಿಗಳಿಂದ ಅಳಿಸಿಹಾಕಿಸಿ. ನಿಯಮದಂತೆ ತೊಂಬತ್ತು ದಿನ ಬೇಕೆಂದು ಬರೆದಿದ್ದೀರಿ. ಡಾಕ್ಟರು ನಮಗೆ ಅಷ್ಟು ಕೊಟ್ಟಿಲ್ಲ. ಈ ವಾರವೇ ಆಗಲಿ. ಅವಳಿಗೆ ಹೇಳಬೇಕಾದ ಮಾತುಗಳು ಇನ್ನೂ ಇವೆ; ಅವನ್ನಾದರೂ ಅವಳು ನನ್ನಿಂದಲೇ ಕೇಳಲಿ.

ಇಂತಿ,
ಅಂಗಳದಲ್ಲಿ ಮಾತು ಮರೆತು ನಿಂತ,
ತಮ್ಮ ದಾಖಲೆಯಲ್ಲಿ ಬರೀ ಗಿರಾಕಿಯಾದ ಮಾಜಿ ಮಹಾರಾಜ