ಶಾಕ್‌ಗೆ ಹಾಕಿದ ಹರಳೆಣ್ಣೆ

ಮಾರ್ಚ್ 11, ಮಂಗಳವಾರ. ಮಧುಗಿರಿ

ರಿಮೋಟ್ ಕಾರಿನ ನಾಲ್ಕೂ ಶಾಕ್ ಅಬ್ಸಾರ್ಬರ್ ಬಿಚ್ಚಿ, ಹಳೇ ಆಯಿಲ್ ಸುರಿದು ಒರೆಸಿದ್ದೆ. ಮೊಣಕೈ ತಾಗಿತು. ಹೊಸ ಸಿಲಿಕಾನ್ ಆಯಿಲ್ ಬಾಟಲಿ ನೆಲಕ್ಕೆ ಬಿದ್ದು ಪೂರ್ತಿ ಚೆಲ್ಲಿತು. ಇದ್ದದ್ದು ಅದೊಂದೇ. ಕಾರು ಕಾಲೇಜಿನದು. ಭಾನುವಾರ ಶಿರಾದಲ್ಲಿ ರಿಮೋಟ್ ಕಾರ್ ರೇಸ್, ಓಡಿಸುವವನು ಸೀನಿಯರ್ ನಾಗಭೂಷಣಣ್ಣ. ಹೋದ ತಿಂಗಳು ಸ್ಕ್ರೂ ಕಳೆದವನನ್ನು ಟೀಮಿನಿಂದಲೇ ತೆಗೆದ... ಐದನೇ ಕ್ಲಾಸಿನಿಂದ ಹಾಸ್ಟೆಲ್ ನನಗೆ. ಏನಾದರೂ ಒಡೆದರೆ ಮೊದಲು ಬಾಯಿ ಮುಚ್ಚಿಕೊಳ್ಳುತ್ತೇನೆ.

ರೂಮ್‌ಮೇಟ್ ಅಂಜಿನಮೂರ್ತಿ, ಅವನೂ ಟೀಮಿನವನೇ, ಟ್ರಂಕಿನಿಂದ ಹರಳೆಣ್ಣೆ ತೆಗೆದ. ಉಷ್ಣಕ್ಕೆ ನೆತ್ತಿಗೆ ಹಾಕಿಕೋ ಅಂತ ಅವರಮ್ಮ ವೈ.ಎನ್.ಹೊಸಕೋಟೆಯಿಂದ ಕಳಿಸಿದ್ದು.

"ಇದೂ ಮಂದಾಗೇ ಐತಲ್ಲ, ಹಾಕು ಕಣ್ಲಾ."

ಹಾಕಿದೆ. ನಾಲ್ಕಕ್ಕೂ.

ಮಾರ್ಚ್ 12. ಬೆಳಗ್ಗೆ

ಟೆಸ್ಟ್ ರನ್. ಗುಂಡಿ ಇದ್ದ ಕಡೆಯೂ ಚಕ್ರ ನೆಲ ಬಿಡಲಿಲ್ಲ!

"ಲೇ, ಏನ್ ಮಾಡ್ದೆ ಇದಕ್ಕೆ? ಸೂಪರ್ ಸೆಟಪ್ ಕಣ್ಲಾ," ಅಂದ ನಾಗಣ್ಣ. ಆಮೇಲೆ ಮೂಗರಳಿಸಿದ. "ಯಾವನ್ಲಾ ಅದು, ಎಣ್ಣೆಸ್ನಾನದಿಂದ ಎದ್ದು ಬಂದಿರೋನು?"

ಅಂಜಿನಮೂರ್ತಿ ಜಿಡ್ಡು ತಲೆ ಬಗ್ಗಿಸಿ ತೋರಿಸಿದ. ಎಲ್ಲರೂ ನಕ್ಕರು.

"ಗೇರ್ ಗ್ಯಾಪೂ ನೀನೇ ಸೆಟ್ ಮಾಡು. ಇನ್ಮೇಲೆ ನೀನೇ ಮೆಕ್ಯಾನಿಕ್ಕು."

ಹೇಳಬೇಕಿತ್ತು. "ಓಕೆ ಅಣ್ಣ" ಅಂದೆ.

ರೂಮಿನಲ್ಲಿ ಅಂಜಿನಮೂರ್ತಿ ಬಿದ್ದು ಬಿದ್ದು ನಕ್ಕ. "ಗಾಡೀಗೂ ಉಷ್ಣ ಆಗಿತ್ತೇನೋ ಕಣ್ಲಾ, ತಣ್ಣಗಾಗ್ಬುಟ್ತು!"

ಮಾರ್ಚ್ 14

ಒಬ್ಬನೇ ಮಟಮಟ ಮಧ್ಯಾಹ್ನ ಓಡಿಸಿ ನೋಡಿದೆ. ಬಿಸಿಲಿಗೆ ಎಣ್ಣೆ ತೆಳ್ಳಗಾಗುತ್ತದೆ. ಕಾರು ಕಪ್ಪೆ ಥರ ಕುಪ್ಪಳಿಸಿತು. ನೆರಳಲ್ಲಿಟ್ಟರೆ ಮತ್ತೆ ಸರಿ. ಫೈನಲ್ ಇರುವುದು ಮಧ್ಯಾಹ್ನವೇ. ಆನ್‌ಲೈನ್ ಆಯಿಲ್ ಸೋಮವಾರ ಬರುತ್ತದಂತೆ. ಬೆಳಗ್ಗೆ ಹೇಳುತ್ತೇನೆ. ಖಂಡಿತ.

ಮಾರ್ಚ್ 16, ಭಾನುವಾರ. ಶಿರಾ

ಹೇಳಲಿಲ್ಲ.

ಬೆಳಗಿನ ಸುತ್ತು ಗೆದ್ದೆವು. ಈಗ ಉರಿ ಬಿಸಿಲು. ಫೈನಲ್‌ಗೆ ಮುಂಚಿನ ಪ್ರಾಕ್ಟೀಸ್‌ನಲ್ಲಿ ರ‍್ಯಾಂಪ್ ಇಳಿದ ಕಾರು ಪುಟಿದು ಟ್ರ್ಯಾಕಿನ ಹಗ್ಗ ದಾಟಿತು. ಅಲ್ಲಿ ಕೂತಿದ್ದ ಪುಟ್ಟ ಹುಡುಗಿ ಕಾಲು ಎಳೆದುಕೊಂಡಳು — ಸ್ವಲ್ಪದರಲ್ಲಿ ತಪ್ಪಿತು. ಟೇಬಲ್ ಹಿಂದೆ ಕೂತು ಬರೆಯುತ್ತಿದ್ದೇನೆ, ಬರೆಯುವವನನ್ನು ಯಾರೂ ಮಾತಾಡಿಸುವುದಿಲ್ಲ.

ನಾಗಣ್ಣ ಶಾಕ್ ಬಿಚ್ಚಿದ. ಬೆರಳಿಗೆ ಹಚ್ಚಿ ಮೂಸಿದ.

"ಅಂಜಿನಿ, ಬಾ ಇಲ್ಲಿ. ಇವತ್ತು ನಿನ್ ತಲೆ ಒಣಗೈತೆ. ಮತ್ತೆ ಈ ವಾಸ್ನೆ ಎಲ್ಲಿಂದ?"

ಅವನು ನನ್ನ ಕಡೆ ತಿರುಗಲಿಲ್ಲ.

"ಮಗು ಕಾಲು ಹೋಗಿದ್ರೆ ಏನ್ಲಾ ಮಾಡ್ತಿದ್ದೆ? ಎಣ್ಣೆ ಹಾಕ್ದೋನು ನೀನೇ ತಾನೆ?"

"ಹೂಂ ಅಣ್ಣ."

ಹೂಂ ಅಂದ. ಅಂಜಿನಮೂರ್ತಿ ಹೂಂ ಅಂದ. ಟೀಮ್ ಬ್ಯಾಡ್ಜ್ ಕೊರಳಿಂದ ತೆಗೆಯುತ್ತಿದ್ದಾನೆ. ಪೆನ್ನು ಇಟ್ಟು ಏಳಬೇಕು, "ಅಣ್ಣ" ಅಂದರೆ ಸಾಕು, ಅಷ್ಟೇ, ಆಮೇಲೆ ಬಾಯಿ ತಾನೇ—