ದೋಣಿಯೊಳಗೆ ನಿನ್ನ ಉಣ್ಣೆ ಹಾಸು

ಬಲ್ಖಾಶ್ ಸರೋವರದ ದಡದಿಂದ

ಅಮ್ಮಾ,

ನನ್ನ ಕೆಮ್ಮು ವಾಸಿಯಾಗಿದೆ. ಮದುವೆಗೆ ನೀನು ಮಾಡಿಕೊಟ್ಟ ದಪ್ಪ ಉಣ್ಣೆ ಹಾಸನ್ನು ನಾನು ಮೀನು ಹಿಡಿಯುವ, ಗಾಳಿ ತುಂಬಿದ ರಬ್ಬರ್ ದೋಣಿಯೊಳಗೆ ಹಾಸಿದ್ದೇನೆ, ಬೈಯಬೇಡ. "ಕುರಿ ಕಾಯೋರ ಮಗಳು ನೋಡ್ರಪ್ಪಾ, ಮೀನಿಗೂ ಹಾಸಿಗೆ ಹಾಸ್ತಾಳೆ!" ಎಂದು ಮಾವ ಎಲ್ಲರೆದುರು ನಕ್ಕಿದ್ದರು.

ಇವತ್ತು ಅವರು ಹಿಡಿದ ದೊಡ್ಡ ಸುದಾಕ್ ಮೀನು ಒದ್ದಾಡಿ, ಬೆನ್ನಿನ ಮುಳ್ಳಿನಿಂದ ಅವರ ದೋಣಿಗೇ ತೂತು ಹಾಕಿತು. ದೋಣಿ ಬುಸ್ಸೆಂದು ಕುಗ್ಗುತ್ತಿದ್ದಂತೆ ಮಾವ ಮೀನನ್ನು ತಬ್ಬಿಕೊಂಡೇ ಪಕ್ಕದಲ್ಲಿದ್ದ ನನ್ನ ದೋಣಿಗೆ ಉರುಳಿದರು. ನಿನ್ನ ಹಾಸಿನ ಮೇಲೆ ಅದು ಎಷ್ಟು ಹೊರಳಿದರೂ ನನ್ನ ದೋಣಿಗೆ ಏನೂ ಆಗಲಿಲ್ಲ. ದಡದಲ್ಲಿ ಇಳಿಯುವಾಗ ಮಾವ, "ನಿಮ್ಮಮ್ಮಂಗೆ ಬರಿ, ನಂಗೂ ಒಂದು ಬೇಕು ಅಂತ" ಎಂದರು.

ಮಾಡಿ ಕಳಿಸು, ಆದರೆ ಅವಸರವಿಲ್ಲ. ಅಲ್ಲಿಯವರೆಗೆ ಮಾವ ನನ್ನ ದೋಣಿಯಲ್ಲೇ ಬರುತ್ತಾರೆ, ಹುಟ್ಟು ನನ್ನ ಕೈಯಲ್ಲಿರುತ್ತದೆ.

ನಿನ್ನ ಐಗನಿಮ್